ಪುದಿಯಾಪ್ಳೆಯ ದಿಂಬು

ಮಗಳು ಶಹನಾಳ ಮದುವೆ ಗಟ್ಟಿಯಾದ ಮಧ್ಯಾಹ್ನ ಕಡಬ ಪೇಟೆಯ ಮೂಸಕುಂಞಿಯವರ ಮನೆಯಲ್ಲಿ ಎಲ್ಲರ ಬಟ್ಟಲಿಗೂ ಬಿರಿಯಾನಿ ಬಿತ್ತು. ಸಫೂರಾಳಿಗೆ ಮಾತ್ರ ಬಿರಿಯಾನಿಯ ಜೊತೆಗೆ ಇನ್ನೊಂದನ್ನೂ ಬಡಿಸಿದರು. ಬಡಿಸಿದವಳು ಅತ್ತಿಗೆ ನೆಬೀಸ.

“ಸಫೂರಾ, ನಿನ್ನ ಕೋಣೆಯನ್ನು ಪುದಿಯಾಪ್ಳೆಗೆ ಮಾಡುದು ಅಂತ ಆಯ್ತು. ಬೇರೆ ಕೋಣೆ ಎಲ್ಲುಂಟು ನಮ್ಮಲ್ಲಿ?”

“ಆಯ್ತು ಅಂದ್ರೆ ಎಂತ? ಯಾರಲ್ಲಿ ಕೇಳಿ ಆದದ್ದು?”

ಪುದಿಯಾಪ್ಳೆ ಎಂದರೆ ಹೊಸ ಅಳಿಯ. ನಿಖಾ ಆದ ಮೇಲೆ ಅವನು ಹೆಣ್ಣಿನ ಮನೆಗೆ ಬಂದು ಉಳಿಯಬೇಕು, ಅವನಿಗೆಂದೇ ಒಂದು ಕೋಣೆಯನ್ನು ಸಿಂಗರಿಸಿ ಕೊಡಬೇಕು. ಅದು ಆ ಮನೆಯಲ್ಲಿ ಹಿಂದಿನಿಂದ ಬಂದ ಕ್ರಮ. ಕೊಟ್ಟ ಮೇಲೆ ಅದು ಅಳಿಯನ ಕೋಣೆ. ಅವನು ವಾರಕ್ಕೊಮ್ಮೆ ಬರಲಿ, ವರ್ಷಕ್ಕೊಮ್ಮೆ ಬರಲಿ, ಬೇರೆಯವರು ಆ ಮಂಚದ ಮೇಲೆ ಬೆನ್ನು ಹಾಕುವಂತಿಲ್ಲ. ಜಗಲಿಯ ಪಕ್ಕದ ಆ ಕೋಣೆಯನ್ನು ಸಫೂರಾಳ ಬಾಪ ಕಟ್ಟಿಸಿದ್ದೂ ಅದಕ್ಕೇ, ಅವಳ ಗಂಡನಿಗೆ. ಮರದ ವ್ಯಾಪಾರದ ಆ ಗಂಡ ಎರಡು ವರ್ಷ ಬಂದು ಹೋಗಿ ಮಾಡಿದ. ಆಮೇಲೆ ಅವನು ಬರಲಿಲ್ಲ, ಅವನ ತಲಾಖ್ ಬಂತು. ಗಂಡ ಹೋದರೂ ಕೋಣೆ ಉಳಿಯಿತು. ಈಗ ಐವತ್ತರ ಹತ್ತಿರ ಬಂದಿರುವ ಸಫೂರಾಳಿಗೆ ಈ ಭೂಮಿಯ ಮೇಲೆ ತನ್ನದು ಎಂದು ಹೇಳಲಿಕ್ಕೆ ಇದ್ದದ್ದು ಆ ನಾಲ್ಕು ಗೋಡೆ, ಒಂದು ಬಾಗಿಲು, ಆ ಬಾಗಿಲಿನ ಕೀಲಿಕೈ.

“ಊಟದ ಹೊತ್ತಿಗೆ ಜಗಳ ಬೇಡ ಮಾರಾಯ್ತಿ,” ಎಂದರು ಅವಳ ಅಣ್ಣ ಮೂಸಕುಂಞಿ. ದಿನಸಿ ಅಂಗಡಿಯಲ್ಲಿ ಗಿರಾಕಿಗಳನ್ನು ಸಮಾಧಾನ ಮಾಡಿ ಮಾಡಿ ಅವರ ಸ್ವರವೇ ಹಾಗಾಗಿತ್ತು. “ನಲ್ವತ್ತು ದಿನದ ಮಟ್ಟಿಗೆ. ಈಗಿನ ಹುಡುಗರು ಹೆಂಡತಿ ಮನೆಯಲ್ಲಿ ಎಲ್ಲಿ ಕೂರ್ತಾರೆ? ನಮ್ಮ ಪುದಿಯಾಪ್ಳೆ ಶಮೀರನಿಗೆ ಸುಳ್ಯದಲ್ಲಿ ಮೊಬೈಲ್ ಅಂಗಡಿ ಉಂಟು, ಅದರ ಮೇಲೆಯೇ ಮನೆ. ಶಹನಾ ಅಲ್ಲಿಗೆ ಹೋದ ಮೇಲೆ ಕೋಣೆ ಪುನಃ ನಿನಗೇ.”

“ಮಾತು ಉಂಟಾ ಕಾಕ?” ಅಣ್ಣನನ್ನು ಅವಳು ಕರೆಯುವುದೇ ಕಾಕ ಎಂದು.

“ಉಂಟು.”

ಅಣ್ಣನ ಮಾತನ್ನು ಸಫೂರಾ ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ಅಷ್ಟಾದರೂ ನೆಬೀಸ ಸುಮ್ಮನಿರಬೇಕಲ್ಲ. “ಅಡುಗೆಮನೆ ಹಿಂದಿನ ಸಾಮಾನಿನ ಕೋಣೆಯಲ್ಲಿ ಗಾಳಿ ಚೆನ್ನಾಗಿ ಬರ್ತದೆ” ಎಂದು ಸೇರಿಸಿದಳು. ಅಲ್ಲಿ ಬರುತ್ತಿದ್ದದ್ದು ಒಣಮೀನಿನ ವಾಸನೆ ಮಾತ್ರ. ಉಳಿದಂತೆ ಗ್ರೈಂಡರು, ಅಕ್ಕಿ ಡ್ರಮ್ಮು, ಸುಲಿಯದ ತೆಂಗಿನಕಾಯಿ.

ಸಫೂರಾಳದ್ದೂ ಹೂವಿನಂಥ ನಾಲಿಗೆಯೇನಲ್ಲ. ಶಾರ್ಜಾದಲ್ಲಿರುವ ಅಣ್ಣನ ಮಗ ಹಿಶಾಮನ ಹೆಂಡತಿ ಇರ್ಫಾನಾ ಈ ಮನೆಯ ಸೊಸೆಯಾಗಿ ಬಂದ ಮೊದಲ ವಾರವೇ ಸಫೂರಾಳ ಬಚ್ಚಲಲ್ಲಿ ಸ್ನಾನ ಮಾಡಿದ್ದಕ್ಕೆ ಮೂರು ದಿನ ಮಾತು ಕೇಳಿದ್ದಳು. ಅದೇ ಇರ್ಫಾನಾ ಈಗ ಮೊಬೈಲ್ ಹಿಡಿದುಕೊಂಡು ಬಂದಳು.

“ಮಾಮಿ, ಇದು ನೋಡಿ. ಪುದಿಯಾಪ್ಳೆ ಮಂಚಕ್ಕೆ ಇಂಥದ್ದು ಎರಡು ಇಟ್ರೆ ಹೇಗೆ?”

ಪರದೆಯ ಮೇಲೆ ಕೆನೆಬಣ್ಣದ ದಿಂಬು. ಅದರ ಮೈತುಂಬ ಗೋಲಿಯ ಗಾತ್ರದ ಉಬ್ಬುಗಳು, ಸಾಲು ಸಾಲಾಗಿ. ಕ್ರೋಶಾ ಕಡ್ಡಿಯಲ್ಲಿ ಹೆಣೆದದ್ದು ಎಂದು ಸಫೂರಾಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಪುತ್ತೂರಿನ ಒಂದು ಅಂಗಡಿಗೆ ನಮಾಜಿನ ಬಿಳಿ ತೊಪ್ಪಿ ಹೆಣೆದು ಕೊಟ್ಟೇ ಅವಳು ಇಷ್ಟು ವರ್ಷ ತನ್ನ ಸೋಪು, ಸೀರೆ, ಮಾತ್ರೆಯ ಖರ್ಚು ನೋಡಿಕೊಂಡವಳು.

“ಮಂಗಳೂರಿನಿಂದ ರೆಡಿಮೇಡ್ ತಂದ್ರಾಯ್ತು. ಇವಳಿಗೆ ತೊಪ್ಪಿ ಬಿಟ್ರೆ ಎಂತ ಬರ್ತದೆ?” ಎಂದಳು ನೆಬೀಸ.

ಸಫೂರಾಳಿಗೆ ಅಷ್ಟು ಸಾಕಾಯಿತು. “ನೂಲು ತರ್ಲಿಕ್ಕೆ ಹೇಳು ಇರ್ಫಾನಾ. ದುಡ್ಡು ನಾನು ಕೊಡ್ತೇನೆ. ನನ್ನ ಕೋಣೆಗೆ ಬರುವವನಿಗೆ ನನ್ನ ಕೈಯದ್ದೇ ಇರ್ಲಿ.”

ಪುತ್ತೂರಿನ ಕಾಲೇಜಿನಿಂದ ಬರುವಾಗ ಶಹನಾ ಉಲ್ಲನ್ ಉಂಡೆಗಳನ್ನು ತಂದಳು. ಸಫೂರಾ ಹಟಕ್ಕೆ ಬಿದ್ದು ಒಂದೇ ವಾರದಲ್ಲಿ ಅರ್ಧ ಹೆಣೆದಳು. ಹೆಣೆದದ್ದನ್ನು ಮಂಚದ ಮೇಲೆ ಹರಡಿದರೆ ಅದು ಹರಡಲಿಲ್ಲ. ಅಂಚೆಲ್ಲ ಮೇಲೆ ಎದ್ದು ಬುಟ್ಟಿಯ ಹಾಗೆ ಕೂತಿತು. ತೊಪ್ಪಿಯವರು ಹೆಣಿಗೆ ಶುರು ಮಾಡುವುದು ನಡುವಿನಿಂದ. ಸುತ್ತು ಬಂದು ಬಂದು, ತಲೆಯ ಅಗಲ ಆದ ಕೂಡಲೇ ಕೈ ತಾನಾಗಿ ಹೆಣಿಗೆಯ ಕಣ್ಣು ಹೆಚ್ಚಿಸುವುದನ್ನು ನಿಲ್ಲಿಸುತ್ತದೆ. ಅವಳ ಕೈ ದಿಂಬಿನಲ್ಲೂ ತಲೆಯನ್ನೇ ಹುಡುಕಿತ್ತು.

ಶಹನಾ ಅದನ್ನು ಎತ್ತಿ ತಲೆಗೆ ಹಾಕಿಕೊಂಡಳು. ಮೂಗಿನವರೆಗೆ ಬಂತು. “ಉಮ್ಮಾ, ನೋಡಿ, ಆನೆಯ ತೊಪ್ಪಿ!” ಎಂದು ಅಡುಗೆಮನೆಯ ತನಕ ಓಡಿದಳು. ಇರ್ಫಾನಾ ನಕ್ಕಳು. ಪತ್ತಿರಿ ರೊಟ್ಟಿ ತಟ್ಟುತ್ತಿದ್ದ ನೆಬೀಸಳೂ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಫೂರಾ ಸಿಟ್ಟು ಮಾಡಲು ನೋಡಿ, ಆಗದೆ ತಾನೂ ನಕ್ಕಳು. ಅತ್ತಿಗೆ ನಾದಿನಿ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಎಲ್ಲ ಬಿಚ್ಚಿ ಅವಳು ಹೊಸದಾಗಿ ಶುರು ಮಾಡಿದಳು. ಈ ಸಲ ನೇರ ಸಾಲು, ಹೋಗುವುದು, ತಿರುಗುವುದು, ಬರುವುದು. ಒಂದೇ ಕಣ್ಣಿನಿಂದ ನೂಲನ್ನು ಮತ್ತೆ ಮತ್ತೆ ಎಳೆದು, ಎಳೆದದ್ದನ್ನೆಲ್ಲ ಒಟ್ಟಿಗೆ ಬಿಗಿದರೆ ಒಂದು ಗುಂಡು ಉಬ್ಬಿ ಬರುತ್ತದೆ. ಸಡಿಲ ಬಿಟ್ಟರೆ ಗುಂಡು ಜೋಲುತ್ತದೆ, ಹೆಚ್ಚು ಬಿಗಿದರೆ ಪಕ್ಕದ ಸಾಲು ಸುಕ್ಕಾಗುತ್ತದೆ. ಬೆರಳು ಊದಿಕೊಂಡು ಮೀನು ಶುಚಿ ಮಾಡುವಾಗ ಉಪ್ಪುನೀರು ಉರಿಯುತ್ತಿತ್ತು. ಪುತ್ತೂರಿನ ಅಂಗಡಿಯವನು ಫೋನ್ ಮಾಡಿ ತೊಪ್ಪಿ ಎಲ್ಲಿ ಎಂದು ಬೈದ. ಬೈಯಲಿ ಎಂದು ಬಿಟ್ಟಳು.

ಶಹನಾ ಹಾಲು ಬಿಟ್ಟ ವಯಸ್ಸಿನಿಂದ ಸಫೂರಾಳ ಪಕ್ಕದಲ್ಲೇ ಮಲಗಿದವಳು. ಜ್ವರ ಬಂದರೆ ಹೆತ್ತ ಉಮ್ಮನನ್ನು ಕರೆಯದೆ ಮಾಮಿ ಎಂದು ನರಳುತ್ತಿದ್ದಳು. ಒಂದು ಸಂಜೆ ನೂಲಿನ ಉಂಡೆ ಸುತ್ತಿ ಕೊಡುತ್ತಾ ಕೇಳಿದಳು. “ಮಾಮಿ, ನಿಮಗೆ ಬೇಜಾರಿಲ್ವಾ?”

“ಎಂತದ್ದಕ್ಕೆ?”

“ಕೋಣೆ ಬಿಡ್ಲಿಕ್ಕೆ.”

“ನಲ್ವತ್ತು ದಿನ ಅಲ್ವಾ ಮೋಳೇ. ಹೋಗುವಾಗ ದಿಂಬು ನೀನು ಸುಳ್ಯಕ್ಕೆ ತಕೊಂಡು ಹೋಗು. ಕೋಣೆ ನಾನು ತಕೊಳ್ತೇನೆ.”

“ಉಮ್ಮ ಎಂತಾದ್ರೂ ತಕರಾರು ಮಾಡಿದ್ರೆ ನಾನು ಹೇಳ್ತೇನೆ, ಆಯ್ತಾ? ನೀವು ಹೆದರ್ಬೇಡಿ.” ಹುಡುಗಿ ಅವಳ ಊದಿದ ಬೆರಳನ್ನು ಹಿಡಿದು ಒತ್ತಿದಳು. ಸಫೂರಾಳಿಗೆ ಎದೆ ತುಂಬಿ ಬಂತು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿದ್ದರೂ ಇದಕ್ಕಿಂತ ಹೆಚ್ಚು ಏನು ಹೇಳುತ್ತಿದ್ದಳು ಎಂದುಕೊಂಡಳು.

ಮದುವೆಗೆ ತಿಂಗಳಿರುವಾಗ ಸಂಬಂಧ ಕುದುರಿಸಿದ ದಲ್ಲಾಳಿ ಸಾಹುಲ್ ಹಮೀದ್ ಬಂದರು. ಸುಲೈಮಾನಿ ಚಹಾ ಕುಡಿದರು, ಎರಡು ಅಕ್ಕಿಯ ಪುಂಡಿ ತಿಂದರು, ಆಮೇಲೆ ಗಂಟಲು ಸರಿ ಮಾಡಿಕೊಂಡರು.

“ಕೋಣೆ ನೋಡ್ಲಿಕ್ಕೆ ಮುಂದಿನ ಆದಿತ್ಯವಾರ ಹೆಂಗಸರು ಬರ್ತಾರೆ. ಶಮೀರನ ಉಮ್ಮ ಒಳ್ಳೆ ಹೆಂಗಸು, ಆದರೆ ಸ್ವಲ್ಪ ಇದು. ದೊಡ್ಡ ಮಗಳು ಸಂಸಾರ ಮುರಿದು ಬಂದ ಮೇಲೆ ಎಲ್ಲದಕ್ಕೂ ಹೆದರಿಕೆ. ತಲಾಖ್ ಆದವರು ಇದ್ದ ಕೋಣೆ, ಅವರ ಕೈಯಿಂದ ಆದ ಸಾಮಾನು, ಅಂಥದ್ದೆಲ್ಲ ಮಗನಿಗೆ ಆಗುದಿಲ್ಲ ಅಂತಾರೆ.”

“ನಮ್ಮ ದೀನಿನಲ್ಲಿ, ಧರ್ಮದಲ್ಲಿ ಅಂಥದ್ದೆಲ್ಲ ಇಲ್ಲ ಮಾರಾಯ್ರೆ,” ಎಂದರು ಮೂಸಕುಂಞಿ.

“ದೀನಿನಲ್ಲಿ ಇಲ್ಲ. ಸುಳ್ಯದಲ್ಲಿ ಉಂಟು.”

ಬಾಗಿಲ ಮರೆಯಲ್ಲಿ ನಿಂತಿದ್ದ ಸಫೂರಾಳಿಗೆ ಅಷ್ಟೂ ಕೇಳಿಸಿತು. ಸ್ವಂತ ಮಗಳೇ ಮುರಿದು ಬಂದಿರುವಾಗ ಆ ಹೆಂಗಸು ಇನ್ನೊಬ್ಬರ ಮುರುಕಿಗೆ ಹೆದರುತ್ತಾಳಲ್ಲ ಎಂದು ಮೈ ಉರಿಯಿತು. ಆದರೆ ಜಗಲಿಗೆ ಹೋಗಿ ಹಾಗೆ ಹೇಳಿಬಿಟ್ಟರೆ ಕೆಡುವುದು ಶಹನಾಳ ಬದುಕು. ಒಳಗೆ ಹೋಗಿ ಕಡ್ಡಿ ಹಿಡಿದಳು.

ಮರುದಿನವೇ ಬಣ್ಣದವರು ಬಂದರು, ಎಸಿಯವರು ಬಂದರು. ಸಫೂರಾಳ ಕಪಾಟು, ಟ್ರಂಕು, ಬಟ್ಟೆಗಂಟು ಎಲ್ಲ ಅಕ್ಕಿ ಡ್ರಮ್ಮಿನ ಪಕ್ಕಕ್ಕೆ ಹೋದವು. ಬಾಪ ಮಾಡಿಸಿದ ಮಂಚವನ್ನು ಇಬ್ಬರು ಎತ್ತಿ ಕಟ್ಟಿಗೆ ಕೊಟ್ಟಿಗೆಗೆ ಸಾಗಿಸುವಾಗ ಅವಳು ಅಡ್ಡ ನಿಂತಳು.

“ಮಂಚ ಎಲ್ಲಿಗೆ?”

“ಹೊಸ ಮಂಚ ಬರ್ತದಲ್ಲ,” ಎಂದಳು ನೆಬೀಸ. “ಹಳೆಯದನ್ನು ಸಾಮಾನಿನ ಕೋಣೆಗೆ ಹಾಕಿದ್ರೆ ಗ್ರೈಂಡರ್ ತಿರುಗಿಸ್ಲಿಕ್ಕೆ ಜಾಗ ಇಲ್ಲ.”

“ನಾನೆಂತ ಗ್ರೈಂಡರಿನ ಮೇಲೆ ಮಲಗುದಾ?”

“ಚಾಪೆ ಉಂಟು, ಹಾಸಿಗೆ ಉಂಟು. ನಲ್ವತ್ತು ದಿನಕ್ಕೆ ಎಷ್ಟು ಬೊಬ್ಬೆ ಇವಳದ್ದು! ಇರ್ಫಾನಾ, ನೀನೇ ಹೇಳು.”

ಇರ್ಫಾನಾ ಮಗುವಿನ ಬಾಯಿ ಒರೆಸುತ್ತಾ, “ನನ್ನನ್ನು ಎಳಿಬೇಡಿ ಉಮ್ಮ,” ಎಂದು ಒಳಗೆ ಹೋದಳು. ಮಂಚ ಕೊಟ್ಟಿಗೆಗೆ ಹೋಯಿತು. ಆ ದಿನ ಬೂತಾಯಿ ಮೀನಿನ ಸಾರು ಮಾಡಿದ್ದರು. ಸಫೂರಾ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡು ಉಂಡಳು. ಯಾರೂ ಯಾಕೆ ಎಂದು ಕೇಳಲಿಲ್ಲ.

ಆದಿತ್ಯವಾರ ಸುಳ್ಯದಿಂದ ಎರಡು ಕಾರು ಬಂತು. ಶಮೀರನ ಉಮ್ಮ ಮುಂದೆ, ಅವರ ಅಕ್ಕತಂಗಿಯರು ಹಿಂದೆ. ಹೊಸ ಬಣ್ಣದ ಕೋಣೆಯಲ್ಲಿ ಹೊಸ ಮಂಚ, ಅದರ ಮೇಲೆ ಆ ಎರಡು ದಿಂಬು. ಕೆನೆಬಣ್ಣದ ಗುಂಡುಗಳು ಸಾಲು ತಪ್ಪದೆ ಉಬ್ಬಿ ನಿಂತಿದ್ದವು. ಬಂದವರು ಎಸಿಯನ್ನು ನೋಡಲಿಲ್ಲ, ಕಪಾಟನ್ನು ನೋಡಲಿಲ್ಲ, ನೇರ ದಿಂಬಿಗೇ ಕೈ ಹಾಕಿದರು.

“ಎಷ್ಟು ಚಂದ! ಮುಟ್ಲಿಕ್ಕೆ ಎಷ್ಟು ಖುಷಿ ಆಗ್ತದೆ. ಎಲ್ಲಿಂದ ತಂದದ್ದು?”

ಶರಬತ್ತಿನ ತಟ್ಟೆ ಹಿಡಿದಿದ್ದ ಸಫೂರಾ ಬಾಯಿ ತೆರೆಯುವ ಮೊದಲೇ ನೆಬೀಸ ಹೇಳಿದಳು. “ಹಿಶಾಮ್ ಶಾರ್ಜಾದಿಂದ ಕಳಿಸಿದ್ದು. ತಂಗಿಗೆ ಅಂತ.”

“ಅದೇ ನೋಡಿದೆ. ನಮ್ಮಲ್ಲಿ ಇಂಥ ಕೆಲಸ ಯಾರು ಮಾಡ್ತಾರೆ!”

ಶಮೀರನ ಉಮ್ಮ ದಿಂಬನ್ನು ಕೆಳಗಿಟ್ಟು ಗೋಡೆ, ಬಾಗಿಲು, ಬಚ್ಚಲು ಎಲ್ಲ ನೋಡಿದರು. ಮೆಲ್ಲಗೆ ಕೇಳಿದರು. “ಒಳ್ಳೆ ಕೋಣೆ. ಮೊದಲು ಇಲ್ಲಿ ಯಾರಿದ್ದದ್ದು?”

ಎಲ್ಲದಕ್ಕೂ ಮುಂದಾಗುವ ನೆಬೀಸಳ ನಾಲಿಗೆ ಆಗಲೇ ಕೈಕೊಟ್ಟಿತು. ಅವಳು ಇರ್ಫಾನಾಳನ್ನು ನೋಡಿದಳು, ಇರ್ಫಾನಾ ನೆಲ ನೋಡಿದಳು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಶಹನಾಳ ಕುತ್ತಿಗೆಯಲ್ಲಿ ಬೆವರು. ಸಫೂರಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಯಾರೂ ಇರ್ಲಿಲ್ಲ. ಇದು ಶಹನಾ ಮೋಳೆಗೇಂತ ಇಟ್ಟ ಕೋಣೆ. ನಾನು ಇರುದು ಹಿಂದೆ, ಅಡುಗೆಮನೆ ಹತ್ರ. ನನಗೆ ಅದೇ ಅಭ್ಯಾಸ.”

ಶಮೀರನ ಉಮ್ಮ ಸಮಾಧಾನದಿಂದ ಶರಬತ್ತು ಎತ್ತಿಕೊಂಡರು. ಮನೆಯ ಮಾನ ಉಳಿಯಿತು, ಹುಡುಗಿಯ ಮದುವೆ ಉಳಿಯಿತು. ಕಾರು ಹೋದ ಮೇಲೆ ಮೂಸಕುಂಞಿ ತಂಗಿಯ ಭುಜ ತಟ್ಟಿ, “ನೀನು ಇದ್ದದ್ದಕ್ಕೆ ಆಯ್ತು,” ಎಂದರು. ನೆಬೀಸ ಕೂಡ ಅವಳಿಗೆ ಮೊದಲು ಬಡಿಸಿದಳು. ದಿಂಬಿನ ಮಾತನ್ನು ಸಫೂರಾ ಎತ್ತಲಿಲ್ಲ. ನಲ್ವತ್ತು ದಿನಕ್ಕೆ ಹೇಳಿದ ಸುಳ್ಳು ನಲ್ವತ್ತು ದಿನಕ್ಕೆ ಮುಗಿಯುತ್ತದೆ ಎಂದು ನಂಬಿದ್ದಳು, ಪಾಪ.

ಮದುವೆ ಆಯಿತು. ಶಮೀರ್ ಒಳ್ಳೆಯ ಹುಡುಗನೇ. ಹಿರಿಯರ ಎದುರು ಕೂರುವವನಲ್ಲ, ಊಟದಲ್ಲಿ ಕೊಂಕು ತೆಗೆಯುವವನಲ್ಲ. ಬೆಳಗ್ಗೆ ಬೈಕಿನಲ್ಲಿ ಸುಳ್ಯಕ್ಕೆ ಹೋಗಿ ಕತ್ತಲಾಗುವಾಗ ಬರುತ್ತಿದ್ದ. ಅವನಿಗೆಂದು ದಿನಕ್ಕೊಂದು ತಿಂಡಿ, ವಾರಕ್ಕೆರಡು ಸಲ ಕೋಳಿ. ಅರೆಯುವುದು ಕಡೆಯುವುದು ಎಲ್ಲ ಸಫೂರಾಳ ಪಾಲಿಗೆ. ನಲ್ವತ್ತು ದಿನ ಕಳೆದ ಮೇಲೆ ಶಹನಾ ಸುಳ್ಯಕ್ಕೆ ಹೋದಳು. ಹೋಗುವಾಗ ಹೊಸ ಸೀರೆಗಳು ಹೋದವು, ಚಿನ್ನ ಹೋಯಿತು. ದಿಂಬು ಹೋಗಲಿಲ್ಲ. ನೆಬೀಸ ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಫೂರಾ ಎರಡು ದಿನ ಕಾದಳು. ಮೂರನೆಯ ದಿನ ಮಧ್ಯಾಹ್ನ ಅಣ್ಣನಿಗೆ ಅನ್ನ ಬಡಿಸುತ್ತಾ ಕೇಳಿದಳು. “ಕಾಕ, ಮಂಚ ಕೊಟ್ಟಿಗೆಯಿಂದ ತರ್ಸುದು ಯಾವಾಗ?”

ಮೂಸಕುಂಞಿ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದರು. ಉತ್ತರ ನೆಬೀಸಳಿಂದ ಬಂತು.

“ಯಾವ ಮಂಚ? ಅದು ಪುದಿಯಾಪ್ಳೆಯ ಕೋಣೆ. ವಾರ ವಾರ ಬರ್ತಾರೆ ಅವರು.”

“ನಲ್ವತ್ತು ದಿನ ಅಂತ ಮಾತಾದದ್ದು.”

“ಆ ಮಾತು ಮೊದಲಿನದ್ದು. ಆಮೇಲೆ ನೀನೇ ಹೇಳಿದ್ದಲ್ಲ, ಇಲ್ಲಿ ಯಾರೂ ಇರ್ಲಿಲ್ಲ, ನಾನು ಹಿಂದೆ ಇರುದು ಅಂತ? ನಾನು ಹೇಳ್ಲಿಕ್ಕೆ ಹೇಳಿದ್ದಾ? ಈಗ ನೀನು ಹೋಗಿ ಅಲ್ಲಿ ಮಲಗಿದ್ರೆ, ನಾಳೆ ಅವನ ಉಮ್ಮ ಬಂದು ನೋಡಿದ್ರೆ ಎಂತ ಹೇಳುದು ನಾವು?”

“ನಿಮ್ಮ ಮಗಳ ಮದುವೆ ಉಳಿಸ್ಲಿಕ್ಕೆ ಹೇಳಿದ್ದು ಅತ್ತಿಗೆ.”

“ಉಳಿಸಿದ್ದಿ. ಈಗ ನೀನೇ ಕೆಡಿಸ್ತಿಯಾ?”

“ಕಾಕ!” ಸಫೂರಾ ಅಣ್ಣನ ಕಡೆ ತಿರುಗಿದಳು. “ಬಾಪ ನನಗೆ ಕಟ್ಟಿಸಿದ ಕೋಣೆ ಅದು. ಒಂದು ಮಾತು ಹೇಳಿ.”

“ಬಾಪ ಕಟ್ಟಿಸಿದ್ದು ನಿನ್ನ ಗಂಡನಿಗೆ,” ಎಂದಳು ನೆಬೀಸ. “ಗಂಡ ಇದ್ದಾನಾ?”

ಮೂಸಕುಂಞಿ ಅರ್ಧ ಊಟದಲ್ಲಿ ಕೈ ತೊಳೆದರು. “ಸ್ವಲ್ಪ ಸಮಯ ಹೋಗ್ಲಿ ಸಫೂರಾ. ನೋಡುವಾ,” ಎಂದು ಅಂಗಡಿಗೆ ನಡೆದರು. ಸಾಲ ಕೇಳಲು ಬಂದವರಿಗೂ ಅವರು ಹಾಗೆಯೇ ಹೇಳುತ್ತಿದ್ದರು. ನೋಡುವಾ ಎಂದರೆ ಇಲ್ಲ ಎಂದು ಕಡಬದ ಪೇಟೆಗೆಲ್ಲ ಗೊತ್ತು.

ಅಂದಿನಿಂದ ಸಫೂರಾ ಮಾತು ಕಡಿಮೆ ಮಾಡಿದಳು. ಸಾಮಾನಿನ ಕೋಣೆಯ ಚಾಪೆಯಲ್ಲಿ ಕೂತು ತೊಪ್ಪಿ ಹೆಣೆದಳು. ಒಂದು ಬೆಳಗ್ಗೆ ಇರ್ಫಾನಾ ಚಹಾ ತಂದಿಟ್ಟು ಮೆಲ್ಲಗೆ ಹೇಳಿದಳು. “ಮಾಮಿ, ನೀವು ಶಮೀರನ ಹತ್ರ ನೇರ ಹೇಳಿದ್ರೆ ಅವನೇ ಬಿಟ್ಟುಕೊಡ್ತಾನೆ. ಅವನು ಅಂಥವನಲ್ಲ.”

“ಅವನು ಅಂಥವನಲ್ಲ. ಅವನ ಉಮ್ಮ? ಹೆಣ್ಣಿನವರು ಸುಳ್ಳು ಹೇಳಿ ಮದುವೆ ಮಾಡಿಸಿದ್ರು ಅಂತ ಸುಳ್ಯವಿಡೀ ಆಗ್ತದೆ. ಶಹನಾ ಬರ್ಲಿ. ಅವಳು ಹೇಳ್ತೇನೆ ಅಂದಿದ್ದಾಳೆ.”

ಅವಳಿಗೆ ಉಳಿದಿದ್ದ ಆಸೆ ಅದೊಂದೇ. ಸತ್ಯವನ್ನು ಹೇಗೆ ಹೇಳಿದರೆ ಯಾರಿಗೂ ನೋವಾಗುವುದಿಲ್ಲ ಎಂಬುದು ಆ ಹುಡುಗಿಗೆ ಗೊತ್ತಿರುತ್ತದೆ, ಗಂಡನ ಮನಸ್ಸು ನೋಡಿ ಒಳ್ಳೆಯ ಹೊತ್ತಿನಲ್ಲಿ ಹೇಳುತ್ತಾಳೆ ಎಂದು ಕಾದಳು.

ಶುಕ್ರವಾರ ಗಂಡ ಹೆಂಡತಿ ಬಂದರು. ಶಹನಾ ಮೈ ತುಂಬಿಕೊಂಡಿದ್ದಳು. ಊಟ ಮುಗಿಸಿ ಸಾಮಾನಿನ ಕೋಣೆಗೆ ಇಣುಕಿ, “ಅಯ್ಯೋ ಮಾಮಿ, ಇಲ್ಲಿ ಎಷ್ಟು ಸೆಕೆ,” ಎಂದಳು. “ಒಂದು ಫ್ಯಾನ್ ಹಾಕಿಸ್ಲಿಕ್ಕೆ ಬಾಪನ ಹತ್ರ ಹೇಳ್ತೇನೆ, ಆಯ್ತಾ?”

ಸಫೂರಾ ಅವಳ ಮುಖ ನೋಡಿದಳು. “ಫ್ಯಾನಾ ಮೋಳೇ?”

“ಮತ್ತೆಂತ ಮಾಡ್ಲಿ ಮಾಮಿ? ನಮ್ಮ ಕೋಣೆ ಬಿಟ್ರೆ ಅವರು ಬಂದಾಗ ಎಲ್ಲಿ ಇರುದು?” ಹುಡುಗಿ ಕಣ್ಣು ತಪ್ಪಿಸಿ ದುಪ್ಪಟ್ಟಾ ಸರಿ ಮಾಡಿಕೊಂಡಳು. “ಅವರಿಗೆ ಊಟ ಆಯ್ತು. ಸುಲೈಮಾನಿ ಕೇಳಿದ್ರು.”

ನಮ್ಮ ಕೋಣೆ ಎಂಬ ಮಾತು ಸಫೂರಾಳನ್ನು ಒಲೆಯ ತನಕ ಹಿಂಬಾಲಿಸಿತು. ನೀರು ಕುದಿಸಿ, ನಿಂಬೆ ಹಿಂಡಿ, ಎರಡು ಗ್ಲಾಸು ಹಿಡಿದುಕೊಂಡು ಜಗಲಿಯ ಪಕ್ಕದ ಬಾಗಿಲ ಹತ್ತಿರ ಬಂದಳು. ಇಷ್ಟು ವರ್ಷ ಕಾಲಲ್ಲೇ ತಳ್ಳುತ್ತಿದ್ದ ಬಾಗಿಲನ್ನು ಬೆರಳಿನಿಂದ ತಟ್ಟಿದಳು.

“ಒಳಗೆ ಬನ್ನಿ ಮಾಮಿ,” ಎಂದು ಶಮೀರ್ ಎದ್ದು ನಿಂತ. “ನೀವು ಯಾಕೆ ಹೊರಗೆ ನಿಂತದ್ದು? ಕೂತ್ಕೊಳ್ಳಿ. ಇಲ್ಲಿ ತಂಪುಂಟು.” ಕುರ್ಚಿಯ ಮೇಲಿದ್ದ ತನ್ನ ಅಂಗಿಯನ್ನು ತೆಗೆದು ಜಾಗ ಮಾಡಿದ. ಸಫೂರಾ ಕುರ್ಚಿಯ ಅಂಚಿನಲ್ಲಿ ಕೂತಳು. ನೆಬೀಸ ಬಾಗಿಲಿಗೆ ಬಂದು ನಿಂತಳು, ಕಾವಲಿಗೆ ಬಂದವಳ ಹಾಗೆ.

ಶಮೀರ್ ಮಂಚದ ಮೇಲಿನ ದಿಂಬನ್ನು ಎತ್ತಿ ತಿರುಗಿಸಿದ. ಮೂಲೆಯಲ್ಲಿ ಒಂದು ಗುಂಡು ಬಿಚ್ಚಿ ನೂಲು ಜೋತಿತ್ತು. “ಇದು ನೋಡಿ, ನನ್ನ ವಾಚಿಗೆ ಸಿಕ್ಕಿ ಎಳೆದು ಹೋಯ್ತು. ಹಾಗೇ ಬಿಟ್ರೆ ಇಡೀ ಸಾಲು ಹೋಗ್ತದಂತೆ. ಪಾಪ ಹಿಶಾಮ್ ಭಾವ ಅಷ್ಟು ದೂರದಿಂದ ಕಳಿಸಿದ್ದು. ಮಾಮಿ ತೊಪ್ಪಿ ಹೆಣೆಯುದು ನೋಡಿದ್ದೇನೆ, ಅವರಿಗೆ ಇದು ಬರ್ಲಿಕ್ಕೂ ಸಾಕಲ್ವಾ ಶಹನಾ?”

ಸಫೂರಾಳ ಕೈ ಅರ್ಧಕ್ಕೆ ಮುಂದೆ ಹೋಯಿತು. ಬಿಚ್ಚಿದ ಆ ಕಣ್ಣನ್ನು ಹಿಡಿದು ಎರಡೇ ಸಲ ಎಳೆದರೆ ಸಾಕಿತ್ತು. ಅವಳು ಶಹನಾಳನ್ನು ನೋಡಿದಳು. ಈಗ ಹೇಳುತ್ತಾಳೆ ಎಂದುಕೊಂಡಳು. ಕೋಣೆಯ ಮಾತು ಬೇಡ, ಇದೊಂದನ್ನಾದರೂ ಹೇಳಲಿ. ಇದನ್ನು ಮಾಡಿದ್ದೇ ಮಾಮಿ ಎಂದು ನಕ್ಕು ಹೇಳಿದರೆ ಆಯಿತು, ಆಕಾಶ ಕೆಳಗೆ ಬೀಳುವುದಿಲ್ಲ.

ಶಹನಾ ಉಮ್ಮನ ಕಡೆ ನೋಡಿದಳು. ಆಮೇಲೆ ಗಂಡನ ಕೈಯಿಂದ ದಿಂಬನ್ನು ತೆಗೆದುಕೊಂಡು ಬಿಚ್ಚಿದ ಕಡೆಯನ್ನು ಕೆಳಗೆ ಮಾಡಿ ಮಂಚದ ಮೇಲಿಟ್ಟಳು.

“ಮಾಮಿಗೆ ತೊಪ್ಪಿ ಮಾತ್ರ ಬರುದು. ಇದು ಫಾರಿನ್‌ನವರ ಕೆಲಸ, ಇಲ್ಲಿಯವರಿಗೆ ಗೊತ್ತಾಗುದಿಲ್ಲ. ಅಲ್ವಾ ಮಾಮಿ?”

ಶಮೀರ್ ಉತ್ತರಕ್ಕಾಗಿ ಸಫೂರಾಳನ್ನು ನೋಡುತ್ತಿದ್ದ, ಮರ್ಯಾದೆಯಿಂದ, ತಿಳಿಯದೆ.

“ಹೌದು ಮೋನೇ,” ಎಂದಳು ಸಫೂರಾ. “ನನಗೆ ತೊಪ್ಪಿ ಮಾತ್ರ ಬರುದು.”

ಖಾಲಿ ಗ್ಲಾಸುಗಳಿಗೆ ಕಾಯದೆ ಎದ್ದಳು. ನೆಬೀಸ ಬಾಗಿಲು ಬಿಟ್ಟು ಅಡುಗೆಮನೆಗೆ ನಡೆದಳು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟಿರಲಿಲ್ಲ, ಒಳಗಿನಿಂದ ಶಹನಾಳ ಸ್ವರ ಕೇಳಿಸಿತು.

“ಮಾಮಿ, ಬಾಗಿಲು ಹಾಕಿ ಹೋಗಿ. ಎಸಿ ಉಂಟಲ್ಲ.”

ಸಫೂರಾ ತಿರುಗಿ ಬಂದಳು. ಹಿಡಿಕೆಯನ್ನು ಹಿಡಿದು, ಸದ್ದಾಗದ ಹಾಗೆ, ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.